ಶುಂಠಿ ಬಿತ್ತನೆಯೊಳಗೆ ನಟನಾಗಬೇಕಿದ್ದ ಅಣ್ಣ

ಇವೆಲ್ಲ ನಡೆದದ್ದು ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ವರ್ಷ, ಒಂದು ಶುಂಠಿ ಬಿತ್ತನೆಗೂ ಅದರ ಮುಂದಿನ ಬಿತ್ತನೆಗೂ ನಡುವೆ. ಮನೆಯಲ್ಲಿ ಒಬ್ಬ ಸಿನಿಮಾ ಸೇರುತ್ತೇನೆ ಅಂತ ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ತಡೆಯುವ ಉಪಾಯ ನಮಗೆ ಕೊನೆಗೂ ಸಿಗಲಿಲ್ಲ.

ಆ ಒಬ್ಬ ನನ್ನ ದೊಡ್ಡಪ್ಪನ ಮಗ. ನಾನು ಅಣ್ಣ ಅನ್ನುತ್ತೇನೆ. ಈಗ ಅವನ ಮುಖ ಮಾನಂತವಾಡಿಯ ಬಸ್‌ಸ್ಟ್ಯಾಂಡಿನ ಎದುರು ಎರಡಾಳೆತ್ತರದ ಬೋರ್ಡಿನಲ್ಲಿದೆ. ಟೀವಿಯವರು, ಯೂಟ್ಯೂಬಿನವರು ಕೊಳವಳ್ಳಿಯವರೆಗೆ ಬಂದು, ನಮ್ಮ ಜಗುಲಿಯಲ್ಲಿ ಕೂತು, ಒಂದೇ ಪ್ರಶ್ನೆ ಕೇಳುತ್ತಾರೆ: 'ಇವರೊಳಗೆ ಒಬ್ಬ ನಟ ಇದ್ದಾನೆ ಅಂತ ನಿಮಗೆ ಮೊದಲು ಗೊತ್ತಾದದ್ದು ಯಾವಾಗ?'

ಪ್ರಶ್ನೆ ಒಳ್ಳೆಯದು. ನನಗೂ ಉತ್ತರ ಬೇಕಾಗಿದೆ. ಆದರೆ ಅವರು ನಿರೀಕ್ಷಿಸುವುದು ಹಸಿವಿನ ಕಥೆ. ಆ ವರ್ಷ ನಮ್ಮ ಮರಗೆಣಸು ಚೆನ್ನಾಗಿ ಬಂದಿತ್ತು. ಹಸಿವಿಗೆ ಅವಕಾಶವೇ ಇರಲಿಲ್ಲ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ಉತ್ತರ ಅದರಲ್ಲಿ ಎಲ್ಲಾದರೂ ಇದ್ದರೆ ಓದಿದವರು ಹುಡುಕಿಕೊಳ್ಳಬಹುದು.

ಗಡುವು

ನಮ್ಮ ಮನೆ ಕಬಿನಿಯ ಈಚೆ, ಕೇರಳದಲ್ಲಿ, ಮನೆಯೊಳಗೆ ಕನ್ನಡ ಆಡುವವರ ಕೇರಿಯಲ್ಲಿ. ದೊಡ್ಡಪ್ಪ ಶುಂಠಿ ಬೆಳೆಯುವುದು ಹೊಳೆಯ ಆಚೆ, ಕರ್ನಾಟಕದಲ್ಲಿ, ಗುತ್ತಿಗೆಯ ಜಮೀನಿನಲ್ಲಿ. ವಯನಾಡಿನ ಬಹಳ ಜನ ಹೀಗೆ ಮಾಡುತ್ತಾರೆ. ಅಲ್ಲಿ ಆಳುಗಳ ಜೊತೆ ನಿಂತು ನೋಡಿಕೊಳ್ಳಲು ಮನೆಯವನೊಬ್ಬ ಬೇಕು. ಆ ಪದವಿ ಅಣ್ಣನಿಗಾಗಿ ಕಾದಿತ್ತು. ಅವನು ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಆ ವರ್ಷದ ಬಿತ್ತನೆ ಮುಗಿಸಿ ದೊಡ್ಡಪ್ಪ ಹೊಳೆ ದಾಟಿಸುವ ತೋಣಿ ಇಳಿದು ಮನೆಗೆ ಬಂದರು. ಕಾಲು ತೊಳೆಯುವ ಮೊದಲೇ ಕೇಳಿದರು, 'ಏನ್ಲಾ, ಮುಂದಿನ ಬಿತ್ತನೆಗಾದ್ರೂ ಆಚೆ ದಡಕ್ಕೆ ಬತ್ತೀಯೋ ಇಲ್ವೋ?'

'ಸಿನಿಮಾದಲ್ಲಿ ಪ್ರಯತ್ನ ಮಾಡ್ತಾ ಇದೀನಪ್ಪ.'

'ಎಷ್ಟು ತಿಂಗಳ ಬೆಳೆ ಅದು?'

ಅಣ್ಣ ಕಾಲು ತೊಳೆಯಲು ಚೊಂಬಿನಲ್ಲಿ ನೀರು ತಂದಿಟ್ಟ.

'ನೋಡು, ಬೆಳೆ ಅಂದ್ಮೇಲೆ ಒಂದು ಕಾಲ ಅಂತ ಇರ್ಬೇಕು' ಅಂದರು ದೊಡ್ಡಪ್ಪ. 'ಮುಂದಿನ ಬಿತ್ತನೆ ಒಳಗೆ ಯಾವ್ದಾದ್ರೂ ಒಂದು ಸಿನಿಮಾದಲ್ಲಿ ಬಾಯಿ ಬಿಟ್ಟು ಒಂದು ಮಾತು ಆಡು. ಗುಂಪಲ್ಲಿ ನಿಂತು ತಲೆ ತೋರಿಸಿದ್ದು ಲೆಕ್ಕಕ್ಕಿಲ್ಲ. ಒಂದು ಮಾತು. ಆಡಿದ್ರೆ ನಿನ್ನ ದಾರಿ ನಿಂದು. ಆಡ್ದೆ ಹೋದ್ರೆ ತೋಣಿ ಹತ್ತು.'

ದೊಡ್ಡವ್ವ ಒಳಗಿಂದಲೇ ಹೇಳಿದರು, 'ಒಂದೇ ಮಾತಾ? ಮನೇಲಿ ಸಾವಿರ ಆಡ್ತಾನಲ್ಲ.'

'ಮನೇಲಿ ಆಡಿದ್ದಕ್ಕೆ ಯಾರು ಟಿಕೆಟ್ ತಗೋತಾರೆ?'

ಅಣ್ಣ ಒಪ್ಪಿದ. ಒಂದು ಮಾತು ಯಾವ ದೊಡ್ಡದು ಅಂತ ಅವನಿಗೆ ಆಗ ಅನ್ನಿಸಿರಬೇಕು. ಅವನು ಅತ್ತ ಹೋದ ಮೇಲೆ ನಾನು ದೊಡ್ಡಪ್ಪನನ್ನು ಕೇಳಿದೆ, 'ನಿಮಗೇನು ಅನ್ನಿಸ್ತದೆ? ಅವನಲ್ಲಿ ಏನಾದರೂ ಇದೆಯಾ?'

'ಶುಂಠಿ ಆದ್ರೆ ಮುರಿದು ಮೂಸಿ ಹೇಳ್ಬಿಡ್ತೀನಿ ಕೂಸೇ' ಅಂದರು. 'ಇವನನ್ನ ಎಲ್ಲಿ ಅಂತ ಮುರೀಲಿ?'

ಆನೆಯ ಜೀಪು

ಹಲಸು ಹಣ್ಣಾಗುವ ಕಾಲಕ್ಕೆ ಆನೆಗಳು ಊರೊಳಗೆ ಬರುತ್ತವೆ. ಬೆಳಗಾದ ಮೇಲೂ ಕಾಡಿಗೆ ಮರಳದೆ ಒಂದು ಉಳಿದುಬಿಟ್ಟರೆ ಅರಣ್ಯ ಇಲಾಖೆಯವರ ಜೀಪು ಮೈಕು ಕಟ್ಟಿಕೊಂಡು ಬರುತ್ತದೆ. ಮೊದಲು ಮಲಯಾಳದಲ್ಲಿ, ಆಮೇಲೆ ಹಳಬರಿಗಾಗಿ ಕನ್ನಡದಲ್ಲಿ, ಯಾರೂ ಮನೆ ಬಿಟ್ಟು ಹೊರಗೆ ಬರಬಾರದು ಅಂತ ಸಾರುತ್ತದೆ. ಎರಡೂ ಭಾಷೆಯ ಒಂದು ಗಂಟಲು ಬೇಕು ಅಂತ ಜೀಪಿನ ವಾಚರ್ ಅಣ್ಣನನ್ನು ಕರೆದ. ಅಣ್ಣ ಅಂಗಿ ಇಸ್ತ್ರಿ ಮಾಡಿ ಹೊರಟ.

ಹೇಳಬೇಕಾದದ್ದು ಒಂದು ವಾಕ್ಯ. ಅಣ್ಣ ಅದನ್ನು ಹೀಗೆ ಹೇಳಿದ:

'ನನ್ನ ಊರಿನವರೇ.' ಇಲ್ಲಿ ನಿಲ್ಲಿಸಿದ. ಜೀಪು ಒಂದು ತಿರುವು ದಾಟುವಷ್ಟು ಹೊತ್ತು ನಿಲ್ಲಿಸಿದ. ಆಮೇಲೆ ದನಿ ತಗ್ಗಿಸಿ, 'ಅವನು ಬಂದಿದ್ದಾನೆ' ಅಂದ. ಮತ್ತೆ ನಿಲ್ಲಿಸಿದ. 'ನಿಮ್ಮ ಬಾಳೆಯ ಹಿಂದೆ... ಕಿವಿ ಅಲುಗಿಸದೆ... ನಿಂತಿದ್ದಾನೆ.'

ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೊದಲ ಸಲಕ್ಕೆ ಬಾಗಿಲುಗಳು ತೆರೆದವು. ಎರಡನೇ ಸಲಕ್ಕೆ ಜನ ಅಂಗಳಕ್ಕೆ ಬಂದರು. ಮೂರನೇ ಸಲಕ್ಕೆ ರಸ್ತೆಗೆ ಬಂದರು. ನಮ್ಮ ಪಕ್ಕದ ಮನೆಯ ತಾತ, ಸರಿಯಾಗಿ ನಡೆಯಲಾರದವರು, ಕುರ್ಚಿ ಹೊರಗೆ ಹಾಕಿಸಿಕೊಂಡು ಕೂತರು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಒಬ್ಬಳು ಜೀಪಿನ ಪಕ್ಕದಲ್ಲೇ ನಡೆಯುತ್ತಾ ಕೇಳಿದಳು, 'ಯಾರಣ್ಣ ಬಂದಿರೋದು? ಆಮೇಲೇನಾಯ್ತು?'

'ಆನೆ. ಒಳಗೆ ಹೋಗಮ್ಮ' ಅಂದ ವಾಚರ್.

'ಇರು ಚೇಟಾ, ಅವನ ಬಾಯಲ್ಲಿ ಕೇಳ್ತೀನಿ.'

ವಾಚರ್ ಮೈಕು ಕಿತ್ತುಕೊಂಡ. 'ಆನೆ ಇದೆ, ಒಳಗೆ ಹೋಗಿ' ಅಂತ ಎರಡೂ ಭಾಷೆಯಲ್ಲಿ ಒಂದೇ ಉಸಿರಿಗೆ ಹೇಳಿದ. ರಸ್ತೆ ಖಾಲಿಯಾಯಿತು. ತಾತ ಯಾರ ಸಹಾಯವೂ ಇಲ್ಲದೆ ಒಳಗೆ ಹೋದರು. ಕುರ್ಚಿ ಮಾತ್ರ ಉಳಿಯಿತು. ಸ್ವಲ್ಪ ಹೊತ್ತಿಗೆ ಆನೆಯೂ ಬೇಲಿ ದಾಟಿ ಕಾಡಿಗೆ ನಡೆಯಿತು.

ಎರಡು ದನಿ, ಒಂದೇ ಸುದ್ದಿ. ಒಂದಕ್ಕೆ ಜನ ಹೊರಗೆ ಬರುತ್ತಾರೆ, ಇನ್ನೊಂದಕ್ಕೆ ಒಳಗೆ ಹೋಗುತ್ತಾರೆ. ಯಾಕಿರಬಹುದು ಅಂತ ನಾನು ಬಹಳ ಯೋಚಿಸಿದೆ. ವಾಚರ್ ಯೋಚಿಸಲಿಲ್ಲ, ಮರುದಿನದಿಂದ ಅಣ್ಣನನ್ನು ಕರೆಯುವುದನ್ನು ಬಿಟ್ಟ.

ಒಂದು ವಾರದ ಮೇಲೆ ತಾತ ನನ್ನನ್ನು ಬೇಲಿಯ ಹತ್ತಿರ ಕರೆದರು. 'ಇನ್ನೊಂದು ಆನೆ ಬಂದದಂತಲ್ಲ. ಮೈಕಿಗೆ ನಿಮ್ಮ ಅಣ್ಣನೇ ಬತ್ತಾನಾ?'

'ಇಲ್ಲ ತಾತ, ವಾಚರೇ ಹೇಳೋದು.'

'ಹಂಗಾದ್ರೆ ಶೆರಿ' ಅಂದರು ತಾತ. 'ನಾನು ಒಳಗೇ ಇರ್ತೀನಿ.'

ಎರಡು ದಡ

ಮಳೆ ನಿಂತ ಮೇಲೆ ಅಣ್ಣ ಕೊಚ್ಚಿಗೆ ಹೋದ. ಅಲ್ಲಿ ಸಿನಿಮಾದವರು ಒಂದು ಪುಟ ಮಾತು ಕೊಟ್ಟು ಓದಿಸಿದರು. ಕೇಳಿದವರು ತಲೆ ಅಲ್ಲಾಡಿಸಿ, 'ಚೆನ್ನಾಗಿದೆ ಮೋನೇ, ಆದರೆ ನಿನ್ನ ಮಲಯಾಳದೊಳಗೆ ಕನ್ನಡ ಇದೆ. ನೀನು ಕನ್ನಡದವರನ್ನು ಕೇಳು' ಅಂದರು.

ಅಣ್ಣ ಮೈಸೂರಿಗೆ ಹೋದ. ಅಲ್ಲಿಯೂ ಒಂದು ಪುಟ ಓದಿಸಿದರು. 'ಚೆನ್ನಾಗಿದೆ, ಆದರೆ ನಿಮ್ಮ ಕನ್ನಡದೊಳಗೆ ಮಲಯಾಳ ಇದೆಯಲ್ಲ. ನೀವು ಕೊಚ್ಚಿ ಕಡೆ ನೋಡಬಾರದಾ?' ಅಂದರು.

ಅವನು ಬಸ್ಸಿಳಿದು ಬಂದು ಇದನ್ನು ಹೇಳಿದಾಗ ದೊಡ್ಡವ್ವ ಬಸಳೆ ಸೋಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. 'ನಾವು ಒಂದೇ ಬಾಯಲ್ಲಿ ಎರಡೂ ಆಡ್ತೀವಿ. ಅದರಲ್ಲೇನು ತಪ್ಪು?'

'ತಪ್ಪು ಅಂತಲ್ಲ ಅವ್ವ. ಅವರಿಗೆ ಬೇರೆ ಬೇರೆ ಬೇಕು.'

ಒಂದರೊಳಗೆ ಇನ್ನೊಂದು ಎಷ್ಟಿದೆ ಅಂತ ತಿಳಿಯುವ ಕುತೂಹಲ ನನಗೆ. ಅಣ್ಣನಿಗೆ ಅದೇ ಎರಡು ಪುಟ ಓದು ಅಂದೆ. ಓದಿದ. ನನಗೆ ಮಲಯಾಳದಲ್ಲಿ ಕನ್ನಡ ಕೇಳಲಿಲ್ಲ, ಕನ್ನಡದಲ್ಲಿ ಮಲಯಾಳ ಕೇಳಲಿಲ್ಲ. ಅಂದರೆ ನನ್ನ ಕಿವಿಯೂ ಅವನ ನಾಲಿಗೆಯೂ ಒಂದೇ ಕಡೆಯವು. ಪರೀಕ್ಷೆ ಮಾಡಬೇಕಾದ ಉಪಕರಣದಲ್ಲೇ ದೋಷವಿತ್ತು.

ದೊಡ್ಡವ್ವ ಸೊಪ್ಪನ್ನು ಮೊರದಿಂದ ಮಡಕೆಗೆ ಸುರಿದು ಎದ್ದರು. 'ನಡು ಹೊಳೇಲಿ ಯಾರಾದ್ರೂ ಸಿನಿಮಾ ತೆಗೆಯೋರು ಇದ್ದಾರಾ ಅಂತ ತೋಣಿಯವನನ್ನ ಕೇಳು' ಅಂದರು.

ಮೆಣಸಿನ ಏಣಿ

ಕರಿಮೆಣಸು ಕೊಯ್ಯುವ ಹೊತ್ತಿಗೆ ಒಂದು ಫೋನು ಬಂತು. ಕೊಚ್ಚಿಯ ಯಾರೋ ಹೊಸಬರು ವಿಡಿಯೋ ಕಾಲಿನಲ್ಲೇ ಆಡಿಷನ್ ಮಾಡುತ್ತಾರಂತೆ. ಒಂದು ಪುಟ ಮಾತು ಕಳಿಸಿದ್ದರು. ನಾಳೆ ಹತ್ತು ಗಂಟೆಗೆ.

ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ. ಅಂಗಳದಲ್ಲಿ ಕರ್ನಾಟಕದ ಟವರ್ ಸಿಗುತ್ತದೆ, ಮಾತು ಕೇಳುತ್ತದೆ, ಮುಖ ಬರುವುದಿಲ್ಲ. ಮುಖ ಬರುವಷ್ಟು ಸಿಗ್ನಲ್ ಇರುವುದು ತೋಟದ ಕೊನೆಯ ಸಿಲ್ವರ್ ಓಕ್ ಮರದ ಅರ್ಧ ಎತ್ತರದಲ್ಲಿ. ಮೆಣಸು ಕೊಯ್ಯುವವರಿಗೆಲ್ಲ ಅದು ಗೊತ್ತು. ಅವರು ಅಲ್ಲಿಂದಲೇ ಮನೆಗೆ ಮಾತಾಡುವುದು. ಆ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿತ್ತು. ಅದಕ್ಕೆ ಮೆಟ್ಟಿಲಿಲ್ಲ, ಗೆಣ್ಣಿನ ಮೇಲೆ ಉಳಿಸಿದ ಕೊಂಬೆಯ ತುಂಡುಗಳ ಮೇಲೆ ಹೆಬ್ಬೆರಳಿಟ್ಟು ಹತ್ತಬೇಕು.

ಅಣ್ಣ ಫೋನನ್ನು ಎದುರಿನ ಕೊಂಬೆಗೆ ಬಾಳೆನಾರಿನಲ್ಲಿ ಕಟ್ಟಿದ. ನಾನು ಕೆಳಗೆ ಏಣಿ ಹಿಡಿದುಕೊಂಡೆ. ಕೊಟ್ಟಿದ್ದ ಸನ್ನಿವೇಶ, ಅಪ್ಪನ ಜಮೀನು ಕಳೆದುಕೊಂಡ ಮಗನ ಕೋಪ. ಅಣ್ಣ ಶುರುಮಾಡಿದ. ಮಲಯಾಳದಲ್ಲಿ, ಮರದ ಅರ್ಧದಿಂದ, ತೋಟವೆಲ್ಲ ಕೇಳುವಂತೆ:

'ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಗಡಿ ಕಲ್ಲು ಎಲ್ಲಿತ್ತು, ಈಗ ಎಲ್ಲಿದೆ, ಎಲ್ಲ ಗೊತ್ತು. ನನ್ನಪ್ಪ ಸಾಧು, ಸುಮ್ಮನಿದ್ದ. ನಾನು ಸುಮ್ಮನಿರುವ ಮಗ ಅಲ್ಲ.'

ಪಕ್ಕದ ತೋಟದಲ್ಲಿ ಆ ತೋಟದ ಯಜಮಾನರು ತಮ್ಮ ಏಣಿಯ ಮೇಲಿದ್ದರು. ಅವರ ಮೆಣಸು ಕೊಯ್ಯುವ ಕೈ ನಿಂತದ್ದು ನನಗೆ ಕಂಡಿತು. ಅವರು ಮೆಲ್ಲಗೆ ಇಳಿದರು. ಚೀಲ ಮರದಲ್ಲೇ ಬಿಟ್ಟು ಮನೆ ಕಡೆ ಹೋದರು.

ಆಡಿಷನ್ ಅಷ್ಟು ಚೆನ್ನಾಗಿ ಆಗಲಿಲ್ಲ. 'ಮುಖಕ್ಕಿಂತ ಎಲೆ ಹೆಚ್ಚು ಕಾಣಿಸ್ತಿದೆ. ನೋಡಿ ಹೇಳ್ತೀವಿ' ಅಂದರು ಕೊಚ್ಚಿಯವರು. ಹೇಳಲಿಲ್ಲ.

ಮರುದಿನ ಬೆಳಗ್ಗೆ ಪಕ್ಕದ ತೋಟದವರು ಒಂದು ಗೊನೆ ನೇಂದ್ರಬಾಳೆ ಹೊತ್ತುಕೊಂಡು ಬಂದರು. ಜಗುಲಿಯಲ್ಲಿ ಇಳಿಸಿ ದೊಡ್ಡಪ್ಪನಿಗೆ ಹೇಳಿದರು, 'ಮಣ್ಣು ಸರಿಮಾಡುವಾಗ ಕಲ್ಲು ಒಂಚೂರು ಈ ಕಡೆ ಬಂದಿತ್ತು. ಮೊದಲಿದ್ದ ಜಾಗಕ್ಕೇ ಹಾಕಿದ್ದೀನಿ. ಮಗನಿಗೂ ಒಂದು ಮಾತು ಹೇಳ್ಬಿಡಿ.'

ದೊಡ್ಡಪ್ಪನಿಗೆ ತಲೆ ಬುಡ ಗೊತ್ತಿಲ್ಲ. ಆದರೂ ಎಲ್ಲ ಗೊತ್ತಿದ್ದವರಂತೆ, 'ಶೆರಿ, ಹೇಳ್ತೀನಿ' ಅಂದು ಗೊನೆ ಒಳಗಿಡಿಸಿದರು. ಆ ಕ್ಷಣದಲ್ಲಿ ಮನೆಯ ನಟ ಯಾರು ಅಂತ ನನಗೆ ಸ್ವಲ್ಪ ಅನುಮಾನ ಬಂತು.

ಅವರು ಹೋದ ಮೇಲೆ ಅಣ್ಣನನ್ನು ಕರೆದರು. 'ಕಲ್ಲಿನ ವಿಷಯ ನಿಂಗೆ ಯಾರು ಹೇಳಿದ್ದು?'

'ಯಾರೂ ಇಲ್ಲಪ್ಪ. ಡೈಲಾಗ್ ಹಾಗೆ ಬರೆದಿದ್ರು.'

'ಬರೆದವರು ಎಲ್ಲಿಯವರು?'

'ಕೊಚ್ಚಿ.'

ಅಣ್ಣ ಧೈರ್ಯ ಮಾಡಿ, 'ಇದೂ ಮಾತು ಆಡಿದ್ದೇ ಅಲ್ವಾ ಅಪ್ಪ?' ಅಂದ.

'ಸಿನಿಮಾದಲ್ಲಿ ಆಡು ಅಂದದ್ದು. ಮರದ ಮೇಲಲ್ಲ.' ಆಮೇಲೆ ನನ್ನ ಕಡೆ ತಿರುಗಿದರು. 'ನೋಡು ಕೂಸೇ, ಕೊಚ್ಚೀಲಿ ಕೂತವರಿಗೆ ನಮ್ಮ ಕಲ್ಲು ಕಾಣ್ತು. ನಾನು ದಿನಾ ಅದರ ಮೇಲೇ ಕೂತು ಬೀಡಿ ಸೇದ್ತಿದ್ದೆ.'

ಊಟಕ್ಕೆ ಕರೆಯುವುದು

ಬಿತ್ತನೆಗೆ ಇನ್ನು ಕೆಲವೇ ದಿನ. ಬೀಜದ ಶುಂಠಿ ಕೊಟ್ಟಿಗೆಯ ನೆರಳಲ್ಲಿ ಹರಡಿತ್ತು. ದೊಡ್ಡಪ್ಪ ಅಣ್ಣನ ಅಳತೆಯ ಗಂಬೂಟು ತಂದು ಬಾಗಿಲ ಪಕ್ಕದಲ್ಲಿ ಇಟ್ಟಿದ್ದರು. ಅಣ್ಣ ಅದನ್ನು ತಪ್ಪಿಸಿ ಸುತ್ತುಹಾಕಿ ಓಡಾಡುತ್ತಿದ್ದ. ಊಟ ಕಡಿಮೆ ಮಾಡಿದ್ದ. ಮಾತಂತೂ ನಿಂತೇಹೋಗಿತ್ತು. ಒಂದು ಮಾತಿಗಾಗಿ ಅಲೆದವನಿಗೆ ಮನೆಯಲ್ಲಿ ಆಡುವ ಮಾತೂ ಬೇಡವಾಗಿತ್ತು ಅಂತ ಕಾಣುತ್ತದೆ.

ಆಗ ತೃಶ್ಶಿಲೇರಿಗೆ ಒಂದು ಶೂಟಿಂಗ್ ಬಂತು. ಮಲಯಾಳದ ಸಿನಿಮಾ. ಗಡಿಯ ಕನ್ನಡದ ರೈತರ ಮನೆಯೊಂದರಲ್ಲಿ ಪ್ರಾಯದ ಮಗ ಸಾಯುತ್ತಾನೆ, ಕಥೆ ಅಲ್ಲಿಂದ. ಸಾವಿನ ಮನೆಗೆ ಬೇಕಾದ ಜನ ನಿಜವಾಗಿ ಆ ಕಡೆಯವರೇ ಇರಲಿ ಅಂತ ನಿರ್ದೇಶಕರಿಗೆ ಆಸೆ. ಬೆಳಗ್ಗೆಯೇ ವ್ಯಾನು ಬಂದು ನಮ್ಮ ಕೇರಿಯ ಅರ್ಧ ಜನರನ್ನು ತುಂಬಿಕೊಂಡು ಹೋಯಿತು. ದೊಡ್ಡವ್ವ ಅಳುವವರ ಗುಂಪಿಗೆ, ದೊಡ್ಡಪ್ಪ ಚಟ್ಟ ಎತ್ತುವ ನಾಲ್ವರ ಪೈಕಿ. ಅಣ್ಣ ಮತ್ತು ನಾನು ಅಂಗಳದಲ್ಲಿ ಸುಮ್ಮನೆ ನಿಲ್ಲುವವರು.

ಹೆಣವಾಗಲು ಕೊಚ್ಚಿಯಿಂದ ಒಬ್ಬನನ್ನು ಕರೆತಂದಿದ್ದರು. ಸಾಂಬ್ರಾಣಿ ಹೊಗೆ ಹಾಕಿದ ಕೂಡಲೇ ಅವನು ಸೀನಲು ಶುರುಮಾಡಿದ. ಹೊಗೆ ಕಡಿಮೆ ಮಾಡಿದರು. ಸೀನಿದ. ಹೊಗೆ ತೆಗೆದರು. ನೆನಪಿಗೇ ಸೀನಿದ. ನಿರ್ದೇಶಕರು ಅಂಗಳದ ಕಡೆ ಕಣ್ಣಾಡಿಸಿ, ಅದೇ ಅಳತೆಯ ಅಣ್ಣನನ್ನು ಕೈ ಮಾಡಿ ಕರೆದರು.

'ಸಾರ್, ಮಾತು ಇದೆಯಾ?' ಅಂತ ಕೇಳಿದ ಅಣ್ಣ.

'ಹೆಣ ಅಲ್ಲವಾ?'

'ಸತ್ತ ಮೇಲೆ ಬೇಡ ಸಾರ್. ಸಾಯೋ ಮೊದಲು?'

'ಕಥೆ ಶುರುವಾಗುವುದೇ ಸತ್ತ ಮೇಲೆ.'

ಚಟ್ಟದ ಪಕ್ಕದಲ್ಲಿದ್ದ ದೊಡ್ಡಪ್ಪ ಆ ತಿಂಗಳಲ್ಲಿ ಮೊದಲ ಸಲ ನಕ್ಕರು. 'ಮಲಕ್ಕೋ' ಅಂದರು. 'ತೋಣಿ ಸೋಮವಾರ.'

ಅಣ್ಣ ಮಲಗಿದ. ಮುಖಕ್ಕೆ ಬೂದು ಬಣ್ಣ ಬಳಿದರು, ಮೂಗಿಗೆ ಹತ್ತಿ ಇಟ್ಟರು, ಕಾಲಿನ ಎರಡು ಹೆಬ್ಬೆರಳು ಸೇರಿಸಿ ಕಟ್ಟಿದರು, ತಲೆಯ ಹತ್ತಿರ ದೀಪ ಹಚ್ಚಿದರು. ನಾನು ಹೇಳಲೇಬೇಕು, ಅವನು ಬಹಳ ಒಳ್ಳೆಯ ಹೆಣವಾಗಿದ್ದ. ಮೂಗಿನ ಮೇಲೆ ನೊಣ ಕೂತರೂ ಅಲುಗಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣ ಎತ್ತುವ ಮೊದಲು ಮನೆಯ ಹಿರಿ ಹೆಂಗಸು ಸತ್ತವರನ್ನು ಊಟಕ್ಕೆ ಕರೆಯಬೇಕು. ಮೂರು ಸಲ. ಮೂರು ಸಲಕ್ಕೂ ಉತ್ತರ ಬರದಿದ್ದರೆ ಆಮೇಲೆ ಎತ್ತುತ್ತಾರೆ. ಉತ್ತರ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಆದರೂ ಕರೆದು ನೋಡದೆ ಯಾರನ್ನೂ ಕಳಿಸುವುದಿಲ್ಲ. ಇದನ್ನು ಯಾರೋ ನಿರ್ದೇಶಕರ ಕಿವಿಗೆ ಹಾಕಿದ್ದರು. ಅವರಿಗೆ ಅದು ಬೇಕೇಬೇಕಾಗಿತ್ತು.

ತಾಯಿಯ ಪಾತ್ರದ ನಟಿ ಅನುಭವಸ್ಥರು. ಚೆನ್ನಾಗಿಯೇ ಕರೆದರು, ಜೋಗುಳದಂತೆ. ನಿರ್ದೇಶಕರಿಗೆ ಒಪ್ಪಿಗೆಯಾಗಲಿಲ್ಲ. 'ಇದು ಊಟಕ್ಕೆ ಕರೆದಂತಿಲ್ಲ' ಅಂದರು. ಬೆಳಗ್ಗೆ ಹೋಗಿ ಮಧ್ಯಾಹ್ನ ಬಂತು. ಕೊನೆಗೆ ನಮ್ಮ ಗುಂಪಿನ ಕಡೆ ತಿರುಗಿ, 'ನಿಮ್ಮಲ್ಲಿ ಯಾರಾದರೂ ಒಂದು ಸಲ ಕರೆದು ತೋರಿಸಿ, ಇವರು ನೋಡಿಕೊಳ್ಳಲಿ' ಅಂದರು. ಎಲ್ಲರೂ ದೊಡ್ಡವ್ವನ ಕಡೆ ನೋಡಿದರು.

'ನಾನು ಕರೆಯಾಕಿಲ್ಲ' ಅಂದರು ದೊಡ್ಡವ್ವ. 'ಜೀವ ಇರೋ ಮಗನನ್ನ ಹಂಗೆ ಕರೀಬಾರ್ದು.'

ನಿರ್ದೇಶಕರು ಕೈ ಮುಗಿದರು. ನಟಿಯೂ ಬಂದು ಕೇಳಿದರು. ದೊಡ್ಡವ್ವ ಬಿಸಿಲು ನೋಡಿದರು, ಅಡುಗೆಯವರ ಪಾತ್ರೆಗಳ ಕಡೆ ನೋಡಿದರು. ಮೀನುಸಾರಿನ ವಾಸನೆ ಅಂಗಳದವರೆಗೆ ಬಂದಿತ್ತು. ಅವರಿಗೆ ಒಂದು ದಾರಿ ಕಂಡಿತು.

'ಹೆಣ ಅಂತ ಕರೆಯಾಕಿಲ್ಲ. ಅವನು ಬೆಳಗ್ಗಿಂದ ಏನೂ ತಿಂದಿಲ್ಲ. ನಿಜವಾಗೇ ಊಟಕ್ಕೆ ಕರೀತೀನಿ. ನೀವು ಅದನ್ನ ಏನು ಬೇಕಾದ್ರೂ ಮಾಡ್ಕೊಳ್ಳಿ.'

ನಿರ್ದೇಶಕರು ಕ್ಯಾಮೆರಾದವನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ದೊಡ್ಡವ್ವ ಚಟ್ಟದ ಪಕ್ಕದಲ್ಲಿ ಕೂತರು.

'ಮಗಾ, ಊಟಕ್ಕೆ ಬಾ.'

ಹೆಣ ಅಲುಗಲಿಲ್ಲ.

'ಬಾರ್ಲಾ, ಸಾರು ಆರೋಯ್ತದೆ.'

ಅಳುವವರ ಗುಂಪಿನಲ್ಲಿ ಇಬ್ಬರು ನಿಜವಾಗಿಯೇ ಅತ್ತರು. ಮೂರನೆಯದಕ್ಕೆ ದೊಡ್ಡವ್ವ ದಿನವೂ ಹಿತ್ತಲಿನಿಂದ ಕೂಗುವ ಆ ದನಿ ತೆಗೆದರು.

'ಬತ್ತೀಯೋ, ತಟ್ಟೆ ಎತ್ಲೋ?'

'ಬಂದೆ ಅವ್ವ' ಅಂದಿತು ಹೆಣ.

ಅಂದದ್ದಷ್ಟೇ ಅಲ್ಲ, ಎದ್ದೂಬಿಟ್ಟಿತು. ಹೆಬ್ಬೆರಳು ಕಟ್ಟಿದ್ದರಿಂದ ಪೂರ್ತಿ ಏಳಲಾಗದೆ ಮತ್ತೆ ಚಟ್ಟದ ಮೇಲೇ ಕೂತಿತು. ಶೂಟಿಂಗಿನವರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮವರು ಯಾರೂ ನಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು.

ನಗು ನಿಂತ ಮೇಲೆ ನಿರ್ದೇಶಕರು, 'ಪರವಾಗಿಲ್ಲ, ಮಲಗು. ಎತ್ತುವವರು ಬನ್ನಿ, ಎತ್ತುವುದನ್ನಾದರೂ ತೆಗೆಯೋಣ' ಅಂದರು.

ನಾಲ್ವರೂ ಕೈ ಕಟ್ಟಿ ನಿಂತರು. ದೊಡ್ಡಪ್ಪ ಹೇಳಿದರು, 'ಎತ್ತೋ ಹಂಗಿಲ್ಲ ಸಾರ್.'

'ಯಾಕೆ?'

'ಉತ್ತರ ಬಂತಲ್ಲ.'

'ಅದು ಗೊತ್ತಿಲ್ಲದೆ ಬಂದದ್ದು. ಅವನು ನಿಜವಾಗಿ ಸತ್ತಿಲ್ಲವಲ್ಲ.'

'ಅದನ್ನೇ ನಾವೂ ಹೇಳ್ತಿರೋದು. ಸಾಯದವನನ್ನ ಎತ್ತೋದು ಹೆಂಗೆ?'

'ಆಗಲೂ ಅವನು ಸತ್ತಿರಲಿಲ್ಲ. ಆಗ ಎತ್ತಲು ಒಪ್ಪಿದ್ದಿರಿ.'

'ಆಗ ಅವನು ಹೇಳಿರಲಿಲ್ಲ' ಅಂದರು ದೊಡ್ಡಪ್ಪ.

ನಿರ್ದೇಶಕರು ಕುರ್ಚಿಯಲ್ಲಿ ಕೂತು ಹಣೆ ಒತ್ತಿಕೊಂಡರು. 'ಸರಿ, ಈಗ ಏನು ಮಾಡಬೇಕು ಅಂತ ನೀವೇ ಹೇಳಿ.'

'ಬಂದೆ ಅಂದವನಿಗೆ ಊಟ ಹಾಕ್ಬೇಕು. ಬೇರೇನಿಲ್ಲ.'

ಅಣ್ಣನ ಹೆಬ್ಬೆರಳು ಬಿಚ್ಚಿದರು, ಮೂಗಿನ ಹತ್ತಿ ತೆಗೆದರು. ಬೂದು ಮುಖದಲ್ಲೇ ಎಲೆಯ ಮುಂದೆ ಕೂತು ಅನ್ನ ಕಲಸಿದ. ದೊಡ್ಡವ್ವ ಪಕ್ಕದಲ್ಲಿ ಕೂತು ಬೇಡ ಬೇಡ ಅಂದರೂ ಬಡಿಸಿದರು. ನಿರ್ದೇಶಕರು ಎದುರಿಗೆ ಬಂದು ನಿಂತರು.

'ನೊಣ ಕೂತಾಗ ಅಲುಗಲಿಲ್ಲ. ಇದಕ್ಕೆ ಯಾಕೆ ಎದ್ದೆ?'

'ಮೂರನೇ ಸಲಕ್ಕೆ ಹೋಗದಿದ್ರೆ ತಟ್ಟೆ ಒಳಗೆ ಹೋಗ್ತದೆ ಸಾರ್' ಅಂದ ಅಣ್ಣ, ಬಾಯಲ್ಲಿ ತುತ್ತಿಟ್ಟುಕೊಂಡೇ.

ನಿರ್ದೇಶಕರು ಅವನು ತಿನ್ನುವುದನ್ನು ನೋಡುತ್ತಾ ನಿಂತರು. ಸತ್ತ ಮಗ ಉಣ್ಣುತ್ತಿದ್ದಾನೆ, ತಾಯಿ ಇನ್ನಷ್ಟು ಬಡಿಸುತ್ತಿದ್ದಾಳೆ, ಹಿಂದೆ ಖಾಲಿ ಚಟ್ಟ, ದೀಪ. ಬಹಳ ಹೊತ್ತು ನೋಡಿ, 'ಕೈ ತೊಳೀಬೇಡ' ಅಂದರು. 'ಕ್ಯಾಮೆರಾ ಇಲ್ಲಿ ತನ್ನಿ.'

ಅಲ್ಲೇ ನಿಂತು ಕಥೆ ಬದಲಾಯಿಸಿದರು. ತಾಯಿ ಮೂರು ಸಲ ಕರೆಯುತ್ತಾಳೆ. ಅವಳಿಗೆ ಮಾತ್ರ ಉತ್ತರ ಕೇಳುತ್ತದೆ. ಅವಳಿಗೆ ಮಾತ್ರ ಮಗ ಎದ್ದು ಬಂದು ಉಣ್ಣುವುದು ಕಾಣುತ್ತದೆ. ಬೇರೆಯವರು ನೋಡುವುದು ಖಾಲಿ ಎಲೆಯ ಮುಂದೆ ಕೂತ ಹೆಂಗಸನ್ನು. ಇದರಲ್ಲಿ ಯಾರನ್ನೂ ಎತ್ತಬೇಕಾಗಿರಲಿಲ್ಲ. ನಮ್ಮ ನಾಲ್ವರೂ ಒಪ್ಪಿದರು.

ದೊಡ್ಡವ್ವನ ಜಾಗದಲ್ಲಿ ನಟಿ ಕೂತರು. ಈ ಸಲ ಅವರು ಜೋಗುಳ ಬಿಟ್ಟು, ಹಿತ್ತಲಿನ ದನಿಯಲ್ಲಿ ಕರೆದರು. ಅಣ್ಣ ಮಲಗಿದ್ದವನು ಕಣ್ಣು ತೆರೆದ. 'ಬಂದೆ ಅವ್ವ' ಅಂದ. ಭಾಷೆ ಬದಲಿಸಬೇಡ ಅಂತ ನಿರ್ದೇಶಕರೇ ಹೇಳಿದ್ದರು.

ಮೊದಲು ಅಂದದ್ದೂ ಅದೇ. ಆದರೆ ಮೊದಲ ಸಲ ಬಿದ್ದು ನಕ್ಕವರು ಈ ಸಲ ಉಸಿರಾಡಲಿಲ್ಲ. ನನ್ನ ಪಕ್ಕದಲ್ಲಿದ್ದ ದೊಡ್ಡವ್ವ, ಆಗಷ್ಟೇ ಅದೇ ಮಗನಿಗೆ ಹೊಟ್ಟೆ ತುಂಬ ಬಡಿಸಿದವರು, ಸೆರಗು ಮುಖಕ್ಕೆ ಒತ್ತಿಕೊಂಡರು. ಎರಡು ಸಲಕ್ಕೂ ಏನು ವ್ಯತ್ಯಾಸ ಅಂತ ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಟೀವಿಯವರಿಗೆ ಉತ್ತರ ಕೊಡಲಾಗದೇ ಇರುವುದು ಇಲ್ಲಿಯೇ.

ದೊಡ್ಡಪ್ಪ ಮಾತ್ರ ನೇರ ನಿರ್ದೇಶಕರ ಹತ್ತಿರ ಹೋದರು. 'ಸಾರ್, ಇವನು ಆಡಿದ್ದು ಸಿನಿಮಾದಲ್ಲಿ ಇರ್ತದಾ? ಆಮೇಲೆ ಕತ್ತರಿಸ್ತೀರಾ?'

'ಇದನ್ನ ಕತ್ತರಿಸಿದರೆ ಸಿನಿಮಾ ಇಲ್ಲ.'

'ಜನಕ್ಕೆ ಕೇಳಿಸ್ತದಾ?'

'ಕೇಳಿಸುತ್ತದೆ.'

ವ್ಯಾನಿನಲ್ಲಿ ಹಿಂದಿರುಗುವಾಗ ದೊಡ್ಡಪ್ಪ ಕಾಟಿಕುಳಂ ದಾಟುವವರೆಗೂ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಅಣ್ಣ ಕಿವಿಯ ಹಿಂದಿನ ಬೂದು ಬಣ್ಣ ಉಜ್ಜುತ್ತಾ, ಅವರ ಮುಖ ನೋಡುತ್ತಾ ಕೂತಿದ್ದ.

'ಹೊಟ್ಟೆ ಆಡಿದ ಮಾತು ಅದು' ಅಂದರು ದೊಡ್ಡಪ್ಪ ಕೊನೆಗೆ.

'ಮೊದಲ ಸಲ ಹೊಟ್ಟೆ ಅಪ್ಪ. ಎರಡನೇ ಸಲ ನಾನು.'

'ಹೊಟ್ಟೆ ತುಂಬಿತ್ತಲ್ವಾ ಆಗ?'

'ತುಂಬಿತ್ತು.'

ದೊಡ್ಡಪ್ಪ ಕಿಟಕಿಯ ಹೊರಗೆ ನೋಡಿದರು. 'ಶೆರಿ' ಅಂದರು.

ಸೋಮವಾರ ತೋಣಿ ಹತ್ತಿದ್ದು ನಾನು. ಗಿಡಗಳ ವಿಷಯ ಓದಿದವಳೊಬ್ಬಳು ಮನೆಯಲ್ಲೇ ಇದ್ದಾಳೆ ಅನ್ನುವುದು ದೊಡ್ಡಪ್ಪನಿಗೆ ಭಾನುವಾರ ಸಂಜೆ ಹೊಳೆಯಿತಂತೆ.

ಸಿನಿಮಾ ಬಂತು. ನಾನು ಎಣಿಸಿದೆ. ಅದರಲ್ಲಿ ಅಣ್ಣ ಆಡಿದ ಮಾತು ಒಟ್ಟು ಎರಡು. 'ಬಂದೆ' ಒಂದು, 'ಅವ್ವ' ಇನ್ನೊಂದು.